ಅಮ್ಮನ ನಾಲ್ಕು ಕಾಯಿಲೆಗೂ ಅವರ ಬಾಲ್ಯಕ್ಕೂ ಸಂಬಂಧ ಇದೆಯಾ?

ಪ್ರಶ್ನೆ: ನಮ್ಮದು ಬೇಲೂರು ತಾಲ್ಲೂಕಿನ ಒಂದು ಹಳ್ಳಿ. ಅಮ್ಮನಿಗೆ ಈಗ 54 ವರ್ಷ. ಮೂಡಿಗೆರೆ ಕಡೆಯ ಕಾಫಿ ತೋಟದ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವರು. ಎಂಟು ಮಕ್ಕಳಲ್ಲಿ ಆರನೆಯವರು. ತಾತ ತುಂಬಾ ಕುಡಿಯುತ್ತಿದ್ದರಂತೆ. ಮನೆಯಲ್ಲಿ ಊಟಕ್ಕೇ ಕಷ್ಟ. ಅಮ್ಮ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟರು. ಈಗ ಶುಗರ್, ಬಿಪಿ, ಉಬ್ಬಸ, ಮಂಡಿನೋವು ನಾಲ್ಕೂ ಇವೆ. ಸಿಹಿ ಮುಟ್ಟುವುದಿಲ್ಲ, ಬೀಡಿ ಸೇದಿದವರಲ್ಲ, ದಪ್ಪವೂ ಇಲ್ಲ. ಆದರೂ ಹೋದ ಕಡೆಯಲ್ಲೆಲ್ಲ "ಬಾಯಿ ಕಟ್ಟಬೇಕಮ್ಮ" ಅಂತ ಬೈಸಿಕೊಂಡು ಬರುತ್ತಾರೆ. ಚಿಕ್ಕಂದಿನಲ್ಲಿ ಪಟ್ಟ ಕಷ್ಟಕ್ಕೂ ಇದಕ್ಕೂ ಸಂಬಂಧ ಇರಬಹುದಾ? ನನಗೆ 30. ಹುಟ್ಟಿದಾಗ ಎರಡು ಕೆಜಿ ಇದ್ದೆನಂತೆ. ಮಗಳಿಗೆ 3 ವರ್ಷ. ಇನ್ನೊಂದು ಮಗು ಬೇಕು ಅಂದುಕೊಂಡಿದ್ದೇವೆ. ಇದೆಲ್ಲ ನಮಗೂ ಬರುತ್ತಾ?

ಉತ್ತರ: ಸಂಬಂಧ ಇದೆ. ನಿಮ್ಮ ಅಮ್ಮನ ಕಾಯಿಲೆಗಳಿಗೆ ಅವರ ಬಾಲ್ಯವೇ ಪೂರ್ತಿ ಕಾರಣ ಅಂತ ಯಾವ ಡಾಕ್ಟರಿಗೂ ಹೇಳಲು ಆಗುವುದಿಲ್ಲ. ಆದರೆ ನೀವು ಬರೆದಿರುವ ಒಂದೊಂದು ಮಾತೂ, ಲೈನ್ ಮನೆ, ಊಟದ ಕಷ್ಟ, ತಾತನ ಕುಡಿತ, ನಾಲ್ಕನೇ ಕ್ಲಾಸಿಗೆ ಬಿಟ್ಟ ಶಾಲೆ, ಮುಂದೆ ಕಾಯಿಲೆ ಬರುವ ಸಂಭವವನ್ನು ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುವಂಥದ್ದೇ. ಆದ್ದರಿಂದ ಮೊದಲು ಅಮ್ಮನಿಗೆ ಒಂದು ಮಾತು ಹೇಳಿ. ಇದು ಅವರು ಮಾಡಿಕೊಂಡ ತಪ್ಪಲ್ಲ. ಬೈಸಿಕೊಂಡು ಬೈಸಿಕೊಂಡು ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟ ಎಷ್ಟೋ ತಾಯಂದಿರನ್ನು ನಾನು ಹಾಸನದಲ್ಲಿ ನೋಡಿದ್ದೇನೆ. ನಿಮ್ಮ ಅಮ್ಮ ಹಾಗೆ ಮಾಡುವುದು ಬೇಡ.

ಒಬ್ಬರಿಗೇ ಎರಡೋ ಮೂರೋ ದೀರ್ಘಕಾಲದ ಕಾಯಿಲೆ ಇರುವುದು ಈಗ ಅಪರೂಪವೇನಲ್ಲ. ಬ್ರಿಟನ್ನಿನಲ್ಲಿ 1970ರ ಏಪ್ರಿಲ್‌ನ ಒಂದೇ ವಾರದಲ್ಲಿ ಹುಟ್ಟಿದ ಸುಮಾರು 17,000 ಮಕ್ಕಳನ್ನು ಅಲ್ಲಿನ ಸಂಶೋಧಕರು ಇಂದಿಗೂ ಗಮನಿಸುತ್ತಾ ಬಂದಿದ್ದಾರೆ. ಅವರೆಲ್ಲ ಹೆಚ್ಚುಕಮ್ಮಿ ನಿಮ್ಮ ಅಮ್ಮನ ವಾರಿಗೆಯವರು. 46ರಿಂದ 48ನೇ ವಯಸ್ಸಿಗೆ ಬರುವಷ್ಟರಲ್ಲಿ ಅವರಲ್ಲಿ ಮೂವರಿಗೆ ಒಬ್ಬರಂತೆ ಒಂದಕ್ಕಿಂತ ಹೆಚ್ಚು ಕಾಯಿಲೆ ಇದ್ದವು. ಹುಟ್ಟಿದಾಗ ತೂಕ ಕಡಿಮೆ ಇದ್ದವರಲ್ಲಿ, ಅಪ್ಪ ಕೂಲಿ ಕೆಲಸದಲ್ಲಿದ್ದವರಲ್ಲಿ ಇದು ಜಾಸ್ತಿ ಕಂಡಿತು. ಸ್ಕಾಟ್ಲೆಂಡಿನಲ್ಲಿ ಸುಮಾರು 17 ಲಕ್ಷ ಜನರ ದಾಖಲೆ ನೋಡಿ 2012ರಲ್ಲಿ ಪ್ರಕಟಿಸಿದ ಲೆಕ್ಕ ಇನ್ನೂ ಸ್ಪಷ್ಟ. ತೀರಾ ಬಡವರ ಪ್ರದೇಶದಲ್ಲಿ ಕಾಯಿಲೆಗಳು ಹೀಗೆ ಗುಂಪುಗೂಡುವುದು ಅನುಕೂಲಸ್ಥರಿಗಿಂತ 10ರಿಂದ 15 ವರ್ಷ ಮೊದಲೇ. ನಿಮ್ಮ ಅಮ್ಮನಿಗೆ "ಐವತ್ತಕ್ಕೇ ಎಲ್ಲ ಬಂತಲ್ಲ" ಅನ್ನಿಸುತ್ತಿದ್ದರೆ ಅದು ಅವರೊಬ್ಬರ ಕಥೆಯಲ್ಲ.

ದೂರದ ಊರಿನ ಲೆಕ್ಕ ನಮಗ್ಯಾಕೆ ಅನ್ನಬಹುದು. ಹಾಗಾದರೆ ಮೈಸೂರಿಗೆ ಬನ್ನಿ. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಅಂದರೆ ಎಲ್ಲರೂ ಮಿಷನ್ ಆಸ್ಪತ್ರೆ ಅಂತ ಕರೆಯುವುದು, 1934ರಿಂದ ಪ್ರತಿ ಹೆರಿಗೆಯ ವಿವರವನ್ನೂ ಬರೆದಿಟ್ಟುಕೊಂಡು ಬಂದಿತ್ತು. ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದವರಲ್ಲಿ ಐನೂರಕ್ಕೂ ಹೆಚ್ಚು ಜನರನ್ನು 1990ರ ದಶಕದಲ್ಲಿ ಹುಡುಕಿ ತಪಾಸಣೆ ಮಾಡಿದರು. ಫಲಿತಾಂಶ 1996ರಲ್ಲಿ ಬಂತು. ಹುಟ್ಟಿದಾಗ 3.1 ಕೆಜಿಗಿಂತ ಹೆಚ್ಚು ಇದ್ದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಇದ್ದದ್ದು 100ಕ್ಕೆ 3 ಜನರಿಗೆ. ಎರಡೂವರೆ ಕೆಜಿ ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ 100ಕ್ಕೆ 11 ಜನರಿಗೆ. ಮಗುವೂ ಚಿಕ್ಕದಾಗಿದ್ದು, ಬಸುರಿಯಲ್ಲಿ ತಾಯಿಯೂ 45 ಕೆಜಿಗಿಂತ ಕಡಿಮೆ ತೂಗಿದ್ದರೆ ಅದು 20ಕ್ಕೆ ಏರುತ್ತಿತ್ತು. ಆ ಕಾಲದ ದಾದಿಯರು ಇಷ್ಟು ಶ್ರದ್ಧೆಯಿಂದ ತೂಗಿ ಬರೆದಿಡದಿದ್ದರೆ ನಮಗೆ ಇದು ಗೊತ್ತೇ ಆಗುತ್ತಿರಲಿಲ್ಲ.

ಹೊಟ್ಟೆಯಲ್ಲಿದ್ದಾಗ ಸಿಕ್ಕಿದ ಊಟಕ್ಕೂ ಐವತ್ತರ ಬಿಪಿಗೂ ಎಲ್ಲಿಂದೆಲ್ಲಿಯ ನಂಟು? ಕಿಡ್ನಿಯನ್ನೇ ನೋಡಿ. ಅದರಲ್ಲಿ ರಕ್ತ ಸೋಸುವ ಲಕ್ಷಾಂತರ ಸಣ್ಣ ಸೋಸುಕಗಳಿರುತ್ತವೆ. ಅವು ಬಸುರಿಯ ಸುಮಾರು 36ನೇ ವಾರದೊಳಗೆ ಹುಟ್ಟಿ ಮುಗಿಯುತ್ತವೆ. ಆಮೇಲೆ ಹೊಸದು ಬರುವುದಿಲ್ಲ. ತಾಯಿಗೆ ಊಟ ಸಾಲದೆ ಮಗು ಸಣ್ಣದಾದರೆ ಅವು ಕಡಿಮೆ ಇರುತ್ತವೆ. ಹತ್ತು ಆಳಿನ ಕೆಲಸವನ್ನು ಆರು ಆಳು ದಿನಾ ಮಾಡಿದ ಹಾಗೆ, ಇದ್ದವುಗಳ ಮೇಲೆ ಭಾರ ಬೀಳುತ್ತದೆ. ಇಪ್ಪತ್ತು ವರ್ಷ ಏನೂ ತಿಳಿಯುವುದಿಲ್ಲ. ನಲವತ್ತು ದಾಟಿದ ಮೇಲೆ ಬಿಪಿ ಏರುತ್ತದೆ. ಇನ್ಸುಲಿನ್ ಮಾಡುವ ಮೇದೋಜೀರಕ ಗ್ರಂಥಿಯದೂ ಇದೇ ತರಹದ ಕಥೆ. ಹಾಗಾಗಿ ಶುಗರ್ ಮತ್ತು ಬಿಪಿ ಒಬ್ಬರಲ್ಲೇ ಜೊತೆಗೂಡುವುದು ಬರೀ ಕಾಕತಾಳೀಯ ಅಲ್ಲ.

"ದಪ್ಪವೂ ಇಲ್ಲ" ಅಂತ ಬರೆದಿದ್ದೀರಿ. ಇಲ್ಲಿ ಸ್ವಲ್ಪ ನಿಲ್ಲಬೇಕು. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಅಲ್ಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳ ಜೊತೆ ಹೋಲಿಸಿ ನೋಡಿತು. ನಮ್ಮ ಮಗು ಸರಾಸರಿ 2.7 ಕೆಜಿ, ಅಲ್ಲಿಯದು 3.5. ಆದರೆ ನಮ್ಮ ಮಕ್ಕಳಲ್ಲಿ ಕಡಿಮೆಯಾಗಿದ್ದು ಹೆಚ್ಚಾಗಿ ಮಾಂಸಖಂಡ. ಕೊಬ್ಬು ಅಷ್ಟಾಗಿ ಕಡಿಮೆ ಇರಲಿಲ್ಲ. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ಮಾಂಸಖಂಡ ಕಡಿಮೆ ಇದ್ದರೆ ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುವ ಜಾಗವೇ ಕಡಿಮೆ. ಆದ್ದರಿಂದ ಅಮ್ಮನನ್ನು ತಕ್ಕಡಿಯ ಮೇಲೆ ನಿಲ್ಲಿಸಿ ಸಮಾಧಾನ ಪಡಬೇಡಿ. ಟೇಪು ತಗೊಂಡು ಸೊಂಟದ ಸುತ್ತಳತೆ ನೋಡಿ. ನಮ್ಮವರಲ್ಲಿ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಎಚ್ಚರಿಕೆ ಬೇಕು, ಕೈಕಾಲು ಎಷ್ಟೇ ಸಣ್ಣ ಇರಲಿ.

ಇನ್ನು ಉಬ್ಬಸ. ನನ್ನ ಅನುಭವದಲ್ಲಿ ಮಲೆನಾಡಿನ ಹೆಂಗಸರ ವಿಷಯದಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಅಮ್ಮನನ್ನು ಕೇಳಿ ನೋಡಿ, ಆ ಲೈನ್ ಮನೆ ಹೇಗಿತ್ತು ಅಂತ. ಹಳೇ ಲೈನ್ ಮನೆ ಅಂದರೆ ಒಂದು ಕೋಣೆ, ಅದರಲ್ಲೇ ಒಂದು ಮೂಲೆಗೆ ಒಲೆ. ಹೊಗೆ ಹೋಗಲು ಹೆಂಚಿನ ಸಂದು ಬಿಟ್ಟರೆ ದಾರಿ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದೆ ಸುರಿಯುವ ಮಳೆ. ಸೌದೆ ಹಸಿ. ಊದಿ ಊದಿ ಹಚ್ಚಬೇಕು. ಕೆಲಸದಿಂದ ನೆನೆದು ಬಂದವರ ಕಂಬಳಿ, ಮಗುವಿನ ಬಟ್ಟೆ ಎಲ್ಲ ಒಲೆಯ ಮೇಲಿನ ಗಳದಲ್ಲೇ ಒಣಗಬೇಕು. ಚಳಿ ಅಂತ ಕೂಸನ್ನು ಒಲೆ ಪಕ್ಕದಲ್ಲೇ ಮಲಗಿಸುವುದು. ಹೀಗೆ ಬೆಳೆದ ಮಗುವಿಗೆ ವರ್ಷಕ್ಕೆ ನಾಲ್ಕು ಸಲ ಕೆಮ್ಮು, ಕಫ, ಜ್ವರ. ಅದರಲ್ಲಿ ಒಂದೆರಡು ನ್ಯುಮೋನಿಯಾ ಆಗಿರುತ್ತವೆ, ಯಾರೂ ಹೆಸರಿಟ್ಟಿರುವುದಿಲ್ಲ.

ಮನುಷ್ಯನ ಶ್ವಾಸಕೋಶದ ಶಕ್ತಿ ಬೆಳೆಯುವುದು ಇಪ್ಪತ್ತು, ಇಪ್ಪತ್ತೈದರ ತನಕ. ಆಮೇಲೆ ವರ್ಷ ವರ್ಷ ಸ್ವಲ್ಪ ಇಳಿಯುತ್ತದೆ, ಎಲ್ಲರಿಗೂ. ಪೂರ್ತಿ ಎತ್ತರಕ್ಕೆ ಏರಿ ಇಳಿಯಲು ಶುರು ಮಾಡಿದವರಿಗೆ ಎಪ್ಪತ್ತಾದರೂ ತೊಂದರೆ ತಿಳಿಯದೇ ಇರಬಹುದು. ಅರ್ಧಕ್ಕೇ ನಿಂತವರಿಗೆ ಐವತ್ತಕ್ಕೇ ಏದುಸಿರು. ಸಿಒಪಿಡಿ ಅನ್ನುವ ಶ್ವಾಸಕೋಶದ ಕಾಯಿಲೆ ಬಂದವರನ್ನು ನೋಡಿದ, 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಯೌವನದಲ್ಲೇ ಶ್ವಾಸಕೋಶದ ಶಕ್ತಿ ಕಡಿಮೆ ಇತ್ತು. ಬೀಡಿ ಸೇದದ ಹೆಂಗಸಿಗೆ ಉಬ್ಬಸ ಯಾಕೆ ಬಂತು ಅನ್ನುವುದಕ್ಕೆ ಉತ್ತರ ಬಹಳ ಸಲ ಆ ಒಲೆಯಲ್ಲೇ ಇರುತ್ತದೆ. ಅಮ್ಮನಿಗೆ ಒಂದು ಸಲ ಸ್ಪೈರೋಮೆಟ್ರಿ, ಅಂದರೆ ಕೊಳವೆಗೆ ಊದುವ ಪರೀಕ್ಷೆ ಮಾಡಿಸಿ. ಆಸ್ತಮಾನಾ, ಸಿಒಪಿಡಿನಾ ತಿಳಿಯದೆ ವರ್ಷಗಟ್ಟಲೆ ಮಾತ್ರೆ ನುಂಗುವುದು ಸರಿಯಲ್ಲ. ಮನೆಯಲ್ಲಿ ಗ್ಯಾಸ್ ಬಂದಿರಬಹುದು. ಆದರೆ ಬಚ್ಚಲ ಹಂಡೆಯ ಒಲೆ ಇನ್ನೂ ಉರಿಯುತ್ತಿದೆ ಅಲ್ವಾ? ಆ ಕೆಲಸ ಅಮ್ಮನದಾಗಿದ್ದರೆ ಇವತ್ತಿನಿಂದಲೇ ಬೇರೆಯವರು ಮಾಡಿ.

ತಾತನ ಕುಡಿತದ ವಿಷಯ ಬರೆಯಲು ಸಂಕೋಚ ಪಟ್ಟಿರಬಹುದು. ಬರೆದದ್ದು ಒಳ್ಳೆಯದಾಯಿತು. ಅಮೆರಿಕದಲ್ಲಿ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಅನ್ನುವ ವೈದ್ಯರು ಒಂಬತ್ತು ಸಾವಿರಕ್ಕೂ ಹೆಚ್ಚು ಜನರನ್ನು ಚಿಕ್ಕಂದಿನ ಬಗ್ಗೆ ಕೇಳಿ 1998ರಲ್ಲಿ ಪ್ರಕಟಿಸಿದರು. ಹೊಡೆತ, ಬೈಗುಳ, ಮನೆಯಲ್ಲಿ ಕುಡುಕರು, ಅಮ್ಮನಿಗೆ ಬೀಳುತ್ತಿದ್ದ ಏಟು, ಇಂಥವು. ಇವು ಹೆಚ್ಚಾದಷ್ಟೂ ದೊಡ್ಡವರಾದ ಮೇಲೆ ಹೃದ್ರೋಗ, ಶ್ವಾಸಕೋಶದ ಕಾಯಿಲೆ, ಖಿನ್ನತೆ ಎಲ್ಲ ಜಾಸ್ತಿ. ರಾತ್ರಿ ಬಾಗಿಲು ಬಡಿದ ಸದ್ದಿಗೇ ಎದೆ ಹೊಡೆದುಕೊಳ್ಳುವ ಮಗುವಿನ ಮೈಯಲ್ಲಿ ಒತ್ತಡದ ಹಾರ್ಮೋನುಗಳು ಶಾಂತವಾಗಿರುವುದಿಲ್ಲ. ಅದು ವರ್ಷಗಟ್ಟಲೆ ನಡೆದರೆ ಬಿಪಿ, ನಿದ್ದೆ, ಸಕ್ಕರೆ ಎಲ್ಲದರ ಮೇಲೂ ಪರಿಣಾಮ. ಅಮ್ಮನಿಗೆ ನಿದ್ದೆ ಸರಿಯಾಗಿ ಬರುತ್ತಾ, ಸುಮ್ನೆ ಕೂತಾಗ ಅಳು ಬರುತ್ತಾ ಅಂತ ನೀವೇ ಕೇಳಿ. ನಾಲ್ಕು ಕಾಯಿಲೆ ಇರುವವರಲ್ಲಿ ಐದನೆಯದಾಗಿ ಖಿನ್ನತೆ ಇರುವುದು ತೀರಾ ಸಾಮಾನ್ಯ, ಅದಕ್ಕೂ ಚಿಕಿತ್ಸೆ ಇದೆ.

ಇವೆಲ್ಲಕ್ಕಿಂತ ಹೆಚ್ಚು ದೂರ ಬರುವುದು ನಾಲ್ಕನೇ ಕ್ಲಾಸಿಗೆ ಬಿಟ್ಟ ಶಾಲೆ ಅಂತ ನನಗೆ ಅನ್ನಿಸುತ್ತದೆ. ಶಾಲೆ ಬಿಟ್ಟರೆ ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕು, ಹದಿಮೂರು ಹದಿನಾಲ್ಕಕ್ಕೆ ತೋಟದ ಕೆಲಸ. ಬಸುರಿಯಲ್ಲೂ ಕಾಫಿ ಕುಯ್ಲಿನ ಕಾಲದಲ್ಲಿ ಮೂಟೆ ಹೊರುವುದು. ಮೈಯಲ್ಲಿ ರಕ್ತ ಇಲ್ಲ. ಅವರ ಹೊಟ್ಟೆಯಲ್ಲಿದ್ದ ನೀವು ಎರಡು ಕೆಜಿಗೆ ಹುಟ್ಟಿದ್ದೀರಿ. ದೊಡ್ಡ ತೋಟಗಳಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಕೋಣೆ, ಮನೆ, ಔಷಧಿ ಎಲ್ಲ ಇರಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಸಣ್ಣ ತೋಟಗಳು ಅದರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಈಗ ಅದೇ ಲೈನ್ ಮನೆಗಳಲ್ಲಿ ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳಿವೆ. ಆ ಮಕ್ಕಳು ಅಂಗನವಾಡಿಗೆ ಹೋಗುತ್ತಿದ್ದಾರಾ, ಲಸಿಕೆ ಆಗಿದೆಯಾ ಅಂತ ತೋಟದ ಮಾಲೀಕರೂ ಊರಿನವರೂ ವಿಚಾರಿಸಲೇಬೇಕು. 2025ರ ಮಳೆಗಾಲದಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಬಂದಾಗ ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವವೇ ಸಾಲು ನಿಂತರು. ಎಲ್ಲರೂ ನಿನ್ನೆ ಮೊನ್ನೆಯ ಒಂದು ಕಾರಣ ಹುಡುಕಿದರು. ನಲವತ್ತು ವರ್ಷದ ಹಿಂದಿನ ಊಟ, ಹೊಗೆ, ಶಾಲೆಯ ಬಗ್ಗೆ ಕೇಳಿದವರು ಕಡಿಮೆ.

ಇಷ್ಟೆಲ್ಲ ಓದಿ "ಹಣೆಬರಹ, ಇನ್ನೇನು ಮಾಡೋಕಾಗುತ್ತೆ" ಅನ್ನಬೇಡಿ. ಮೈಸೂರಿನ ಲೆಕ್ಕವನ್ನೇ ಇನ್ನೊಂದು ಕಡೆಯಿಂದ ನೋಡಿ. ಕಡಿಮೆ ತೂಕದಲ್ಲಿ ಹುಟ್ಟಿದ 100 ಜನರಲ್ಲಿ 89 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ ಇರಲಿಲ್ಲ.

ಈಗ ಅಮ್ಮನಿಗೆ ಮಾಡಬೇಕಾದದ್ದು. ಇಂಥ ತಾಯಂದಿರು ಬಂದಾಗ ನಾನು ಮೊದಲು ಮಾತ್ರೆಯ ಕವರ್ ತೆಗೆಸಿ ಟೇಬಲ್ ಮೇಲೆ ಸುರಿಯಲು ಹೇಳುತ್ತೇನೆ. ನೀವು ಮನೆಯಲ್ಲೇ ಪೇಪರ್ ಹಾಸಿ ಹಾಗೆ ಮಾಡಿ. ಶುಗರ್‌ಗೆ ಒಬ್ಬರು, ಬಿಪಿಗೆ ಇನ್ನೊಬ್ಬರು, ಉಬ್ಬಸಕ್ಕೆ ಮತ್ತೊಬ್ಬರು ಬರೆದಿರುತ್ತಾರೆ. ಮಂಡಿನೋವಿಗೆ ಮೆಡಿಕಲ್ ಶಾಪಿನವರೇ ಕೊಟ್ಟಿರುತ್ತಾರೆ. ಹೆಸರು ಬೇರೆ ಬೇರೆ ಇದ್ದರೂ ಎರಡು ಮಾತ್ರೆ ಪಟ್ಟಿಯಲ್ಲಿ ಒಂದೇ ಅಮ್ಲೋಡಿಪಿನ್ ಅನ್ನುವ ಬಿಪಿ ಔಷಧಿ ಇರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅಂಥವರ ಕಾಲು ಊದಿರುವುದು ಅದಕ್ಕೇ. ಮಂಡಿಗೆ ದಿನಾ ತಗೊಳ್ಳುವ ಡೈಕ್ಲೋಫೆನಾಕ್ ಬಿಪಿ ಏರಿಸುತ್ತದೆ, ಕಿಡ್ನಿಗೆ ಪೆಟ್ಟು ಕೊಡುತ್ತದೆ. ಕೆಲವರಿಗೆ ಅದು ಉಬ್ಬಸವನ್ನೂ ಕೆರಳಿಸುತ್ತದೆ. ಉಬ್ಬಸ ಜಾಸ್ತಿಯಾದಾಗ ನುಂಗುವ ಪ್ರೆಡ್ನಿಸೊಲೋನ್ ಸಕ್ಕರೆ ಏರಿಸುತ್ತದೆ. ಅಟೆನೊಲಾಲ್‌ನಂಥ ಕೆಲವು ಬಿಪಿ ಮಾತ್ರೆಗಳು ಉಸಿರಾಟದ ತೊಂದರೆ ಇರುವವರಿಗೆ ಹೊಂದುವುದಿಲ್ಲ. ಒಂದು ಕಾಯಿಲೆಯ ಮಾತ್ರೆಯೇ ಇನ್ನೊಂದನ್ನು ಹೆಚ್ಚಿಸಿದರೆ, ಅಮ್ಮ ಎಷ್ಟು ಬಾಯಿ ಕಟ್ಟಿದರೂ ಏನು ಪ್ರಯೋಜನ? ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಒಬ್ಬ ಫಿಜಿಷಿಯನ್ ಹತ್ತಿರ ಹೋಗಿ. ತಾಲ್ಲೂಕು ಆಸ್ಪತ್ರೆಯಲ್ಲಾದರೂ ಸರಿ, ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಾದರೂ ಸರಿ. "ನಾಲ್ಕಕ್ಕೂ ಸೇರಿಸಿ ಒಂದೇ ಚೀಟಿ ಮಾಡಿಕೊಡಿ" ಅಂತ ಕೇಳಿ. ಹಾಗೆ ಕೇಳುವುದು ಅಧಿಕಪ್ರಸಂಗ ಅಲ್ಲ.

ಜೊತೆಗೆ ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್, ವರ್ಷಕ್ಕೊಮ್ಮೆ ಕಣ್ಣಿನ ಒಳಪದರದ ಪರೀಕ್ಷೆ, ಪಾದದ ಸ್ಪರ್ಶಜ್ಞಾನ ಇಷ್ಟು ನೋಡಿಸಿ. ಇನ್ಹೇಲರ್ ಕೊಟ್ಟರೆ "ಅಭ್ಯಾಸ ಆಗಿಬಿಡುತ್ತೆ" ಅಂತ ಹೆದರಬೇಡಿ. ಔಷಧಿ ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಮಾತ್ರೆಗಿಂತ ಬಹಳ ಕಡಿಮೆ ಪ್ರಮಾಣ ಸಾಕು. ಮಂಡಿಗೆ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಇದೆ. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲು ನೀಟಾಗಿ ಚಾಚಿ ಹಿಡಿಯುವುದು. ಅದರಿಂದ ಸಕ್ಕರೆಯೂ ಇಳಿಯುತ್ತದೆ, ಮಾಂಸಖಂಡ ಬೆಳೆಯುವುದರಿಂದ. ಊಟದ ವಿಷಯದಲ್ಲಿ, ರಾಗಿ ಅಂದಕೂಡಲೇ ಶುಗರ್‌ಗೆ ಒಳ್ಳೆಯದು ಅಂತ ಎರಡು ದೊಡ್ಡ ಮುದ್ದೆ ಉಂಡರೆ ಸಕ್ಕರೆ ಏರಿಯೇ ಏರುತ್ತದೆ. ಮುದ್ದೆ ಚಿಕ್ಕದಾಗಲಿ, ಉಪ್ಸಾರಿನಲ್ಲಿ ಕಾಳು, ಸೊಪ್ಪು ಜಾಸ್ತಿ ಇರಲಿ, ಮೊಟ್ಟೆ ತಿನ್ನುವವರಾದರೆ ಮೊಟ್ಟೆ ಇರಲಿ. ಉಪವಾಸ ಬೇಡ. ಚಿಕ್ಕಂದಿನಲ್ಲಿ ಹಸಿದದ್ದು ಸಾಕು.

ನಿಮಗೆ ಬರುತ್ತಾ ಅಂದರೆ, ಸಂಭವ ಬೇರೆಯವರಿಗಿಂತ ಜಾಸ್ತಿ. ಆದರೆ ನಿಮ್ಮ ಅಮ್ಮನಿಗೆ ಇಲ್ಲದ ಒಂದು ಅನುಕೂಲ ನಿಮಗಿದೆ, ಮೊದಲೇ ಗೊತ್ತಾಗಿದೆ. 30 ದಾಟಿದವರಿಗೆ ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ಹೇಳುತ್ತಾರೆ. ವರ್ಷಕ್ಕೊಮ್ಮೆ ತಪ್ಪಿಸಬೇಡಿ. ಇನ್ನೊಂದು ಮಗುವಿಗೆ ಮುಂಚೆ ಹಿಮೋಗ್ಲೋಬಿನ್ ನೋಡಿಸಿ, ತೂಕ ಕಡಿಮೆ ಇದ್ದರೆ ಮೊದಲೇ ಏರಿಸಿಕೊಳ್ಳಿ, ಬಸುರಿಯಾಗುವ ಮೊದಲಿನಿಂದಲೇ ಫೋಲಿಕ್ ಆಸಿಡ್ ಶುರು ಮಾಡಿ. ಬಸುರಿಯಾದ ಮೇಲೆ ಮೊದಲ ಭೇಟಿಯಲ್ಲೇ ಗ್ಲುಕೋಸ್ ಕುಡಿಸಿ ಮಾಡುವ ಶುಗರ್ ಪರೀಕ್ಷೆ, 24ರಿಂದ 28 ವಾರದಲ್ಲಿ ಮತ್ತೊಂದು ಸಲ. "ನಾನು ಎರಡು ಕೆಜಿಗೆ ಹುಟ್ಟಿದವಳು, ಅಮ್ಮನಿಗೆ ಶುಗರ್ ಇದೆ" ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ. ಕೇಳದಿದ್ದರೂ ಹೇಳಿ.

ಮಗಳ ವಿಷಯದಲ್ಲಿ ಒಂದು ಎಚ್ಚರಿಕೆ. ದೆಹಲಿಯಲ್ಲಿ 1969ರಿಂದ 1972ರ ನಡುವೆ ಹುಟ್ಟಿದ ಮಕ್ಕಳನ್ನು ಡಾ. ಸಂತೋಷ್ ಭಾರ್ಗವ ಅವರ ತಂಡ ದೊಡ್ಡವರಾಗುವ ತನಕ ಅಳೆಯುತ್ತಾ ಬಂತು. 2004ರಲ್ಲಿ ಬಂದ ಫಲಿತಾಂಶದ ಪ್ರಕಾರ, ಮೊದಲ ಎರಡು ವರ್ಷ ಬಡಕಲಾಗಿದ್ದು ಆಮೇಲೆ ಹನ್ನೆರಡರ ತನಕ ವೇಗವಾಗಿ ಮೈ ತುಂಬಿಕೊಂಡವರಲ್ಲಿ ಶುಗರ್ ಜಾಸ್ತಿ. ಅವರಲ್ಲಿ ಹೆಚ್ಚಿನವರು ಬಾಲ್ಯದಲ್ಲಿ ದಪ್ಪವೇನೂ ಇರಲಿಲ್ಲ. ಅಜ್ಜಿಗೆ ಮೊಮ್ಮಗಳು ಸಣ್ಣಗಿದ್ದಾಳೆ ಅನ್ನಿಸುವುದು ಸಹಜ, ಹಸಿವು ಕಂಡವರ ಪ್ರೀತಿ ಹಾಗೇ ಇರುತ್ತದೆ. ಆದರೆ ಬಿಸ್ಕತ್ತು, ಕುರುಕಲು, ಡಬ್ಬಿ ಪುಡಿ ಕೊಟ್ಟು ಮೈ ಕೈ ತುಂಬಿಸಬೇಡಿ. ಅಂಗನವಾಡಿಯ ಹಾಲು, ಮೊಟ್ಟೆ, ಮನೆಯ ಬೇಳೆ ಸಾರು ಸಾಕು. ತಾಯಿ ಕಾರ್ಡಿನಲ್ಲಿ ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆಯ ಮೂರೂ ಡೋಸ್ ಬರೆದಿದೆಯಾ ನೋಡಿ. ಇನ್ನೆರಡು ವರ್ಷ ಕಳೆದು ಶಾಲೆಗೆ ಹೋಗುವ ವಯಸ್ಸಿನಲ್ಲಿ ಗಂಟಲು ನೋವು, ಜ್ವರ ಬಂದು ಎರಡು ಮೂರು ವಾರದ ಮೇಲೆ ಕೀಲು ಊದಿಕೊಂಡರೆ ತಕ್ಷಣ ತೋರಿಸಿ. ಅದು ಸಂಧಿವಾತ ಜ್ವರ ಇರಬಹುದು, ಹೃದಯದ ಕವಾಟಕ್ಕೆ ಹೋದರೆ ಅದೂ ಜೀವನಪೂರ್ತಿ ಕಾಡುತ್ತದೆ. ಮುಂದಿನ ಸಲ ಅಂಗನವಾಡಿಗೆ ಹೋದಾಗ ತೂಕ ಮಾತ್ರ ಬರೆಸಿಕೊಂಡು ಬರಬೇಡಿ. ಎತ್ತರವನ್ನೂ ಅಳೆದು ಬರೆಯಲು ಹೇಳಿ. ಆರು ತಿಂಗಳಿಗೊಮ್ಮೆ ಎತ್ತರ ಏರುತ್ತಿದ್ದರೆ ಮಗು ಸಣ್ಣಗೆ ಕಂಡರೂ ಯೋಚನೆ ಬೇಡ. ಎತ್ತರ ನಿಂತು ಬರೀ ತೂಕ ಏರುತ್ತಿದ್ದರೆ ಆಗ ಮಕ್ಕಳ ಡಾಕ್ಟರಿಗೆ ತೋರಿಸಿ.